ಬಾವಿಗಿಳಿಯುವ ತೂಕ

ಬಿಸಿಲುಗಾಲ ಅರ್ಧ ಕಳೆದು ಬಾವಿಗಳ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಹೂಳು ತೆಗೆಯುವವರಿಗೆ ಕೈತುಂಬ ಕೆಲಸ ಸಿಗುವುದು ವರ್ಷದಲ್ಲಿ ಈ ಎರಡು ತಿಂಗಳು. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೂಳು ತೆಗೆಯುವ ಬಾವಿಯವನೂ ಅವನ ಹೆಂಡತಿಯೂ ಹಗ್ಗ ಹಿಡಿದು ನಿಂತಿದ್ದರು. ಕೆಳಗೆ ಅವಳ ತಮ್ಮ ಬಕೆಟ್ ತುಂಬುತ್ತಿದ್ದ. ಹಗ್ಗ ಅಲುಗಿದಾಗ ಗಂಡಹೆಂಡತಿ ಹಿಂದಹಿಂದಕ್ಕೆ ನಡೆಯುವರು, ರಾಟೆ ಕಿರುಗುಟ್ಟುವುದು, ಕಪ್ಪು ಹೂಳು ತೊಟ್ಟಿಕ್ಕುತ್ತ ಮೇಲೆ ಬರುವುದು.

ನಿಜಕ್ಕೂ ಕೆಳಗಿರಬೇಕಾದವನು ಬಾವಿಯವನೇ. ಇಪ್ಪತ್ತು ವರ್ಷ ಇಳಿದವನು ಅವನು. ನೀರಿನ ಸೆಲೆ ಯಾವ ಕಲ್ಲಿನ ಸಂದಿಯಲ್ಲಿದೆಯೆಂದು ಕಾಲ್ಬೆರಳಿನಿಂದಲೇ ಹೇಳಬಲ್ಲವನು. ಬಾಮೈದನಿಗೋ ಬಾವಿಯೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಆದದ್ದು ಇಷ್ಟು. ಈ ಸಲದ ಮೊದಲ ಬಾವಿಯಲ್ಲಿ, ಬಾವಿಯವನನ್ನು ಮೇಲೆಳೆಯುವಾಗ ಹಗ್ಗ ಅರ್ಧಕ್ಕೇ ನಿಂತುಬಿಟ್ಟಿತು. ಅಕ್ಕ ತಮ್ಮ ಕಾಲೂರಿ ಎಳೆದರೂ ಬಾರದೆ, ಬಾವಿಯಿದ್ದ ಮನೆಯವರೆಲ್ಲ ಬಂದು ಕೈ ಹಾಕಬೇಕಾಯಿತು. ಅವನು ದಪ್ಪಗಾದದ್ದು ಸೋಮಾರಿತನದಿಂದಲ್ಲ. ಬಾವಿಗಿಳಿದವನಿಗೆ ಮನೆಯವರು ಹೊಟ್ಟೆ ಬಿರಿಯ ಬಡಿಸುವುದು ಆ ಕೆಲಸದ ರೂಢಿ. ಸಾಕೆಂದರೆ ಮನೆಯಾಕೆ ಮುಖ ಸಣ್ಣದು ಮಾಡಿಕೊಳ್ಳುವಳು. ಯಾರ ಮನಸ್ಸನ್ನೂ ನೋಯಿಸದೆ ಉಂಡುಂಡೇ ಅವನು ಹೀಗಾಗಿದ್ದ.

ಆ ದಿನವೇ ಬಾಮೈದ ಒಂದು ಗೋಣಿಚೀಲಕ್ಕೆ ಹಸಿ ಹೂಳು ತುಂಬಿದ. ತಾನೂ ಅಕ್ಕನೂ ನಡುವೆ ನಿಲ್ಲದೆ ಎಳೆಯಬಲ್ಲಷ್ಟೇ ಭಾರ. ಅದನ್ನು ಮನೆಗೆ ತಂದು, ಹಿತ್ತಲಿನ ಮರದ ಕೊಂಬೆಗೆ ರಾಟೆ ಕಟ್ಟಿದ. ಹಗ್ಗದ ಒಂದು ತುದಿಗೆ ಮೂಟೆ, ಇನ್ನೊಂದಕ್ಕೆ ಭಾವ.

"ಈ ಮೂಟೆ ನಿಮ್ಮನ್ನ ಮೇಲಕ್ಕೆತ್ತಿದ ದಿನ ನೀವು ಇಳೀರಿ ಭಾವ," ಎಂದ. "ಅಲ್ಲೀವರೆಗೂ ನಾನಿಳೀತೀನಿ. ಆದ್ರೆ ಇಳಿದಷ್ಟು ಬಾವಿನೂ ನಿಮ್ಮ ಮೇಲಿನ ಸಾಲ."

ಆಸ್ಪತ್ರೆಯ ನರ್ಸಮ್ಮ ಊಟದ ಕ್ರಮ ಹೇಳಿಕೊಟ್ಟಳು. ಅರ್ಧ ತಟ್ಟೆ ಸೊಪ್ಪು ತರಕಾರಿ, ಬೇಳೆ, ಒಂದು ಹಿಡಿ ಅನ್ನ, ಸಕ್ಕರೆಯಿಲ್ಲದ ಚಹಾ. ಬಾವಿಯವ ಡಬ್ಬಿ ಕಟ್ಟಿಸಿಕೊಂಡು ಹೋಗತೊಡಗಿದ. ಮನೆಯಾಕೆಯರು ಬೇಸರಪಟ್ಟುಕೊಂಡರು. ನಮ್ಮ ಕೈಯಡುಗೆ ಸೇರೋದಿಲ್ಲವೇನೋ ಎಂದು ಒಬ್ಬಳು ಕೊಂಕೂ ನುಡಿದಳು. ಅವನು ತಲೆ ತಗ್ಗಿಸಿ ಸೌತೆಕಾಯಿ ಕಡಿದ.

ವಾರಕ್ಕೊಮ್ಮೆ ತೂಗಿ ನೋಡುವರು. ಮೊದಲ ವಾರ ಅವನು ಕೆಳಗುಳಿದ, ಮೂಟೆ ಮೇಲೇರಿತು. ಎರಡನೆಯ ವಾರ ಇನ್ನೂ ಸಲೀಸಾಗಿ ಏರಿತು. ಐದನೆಯ ವಾರವಂತೂ ಅವನು ಕಾಲು ಮಡಿಸುವಷ್ಟರಲ್ಲಿ ಮೂಟೆ ಕೊಂಬೆಗೆ ಹೋಗಿ ಬಡಿಯಿತು. ಯಾರೂ ನಗಲಿಲ್ಲ.

ಮರುದಿನ ಬಾಮೈದ ಆರನೆಯ ಬಾವಿಯಿಂದ ಮೇಲೆ ಬಂದು ಗೋಡೆಗೊರಗಿ ಕೂತಾಗ, ಬಾವಿಯವ ಡಬ್ಬಿ ತೆರೆಯಲಿಲ್ಲ. ನೇರ ಮನೆಯವರ ಪಂಕ್ತಿಯಲ್ಲಿ ಕೂತು ಅನ್ನ ಹಾಕಿಸಿಕೊಂಡ.

"ಸೊಪ್ಪು ತಿಂದೇ ಇಷ್ಟು ಭಾರ ಆಗೋದಾದ್ರೆ, ಅನ್ನ ತಿಂದು ಆಗ್ತೀನಿ ಬಿಡು," ಎಂದ ಹೆಂಡತಿಗೆ.

ಅವನು ಕೈತೊಳೆಯಲು ಎದ್ದಾಗ ಜಾರುತ್ತಿದ್ದ ಚಡ್ಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡದ್ದು ಅವಳ ಕಣ್ಣಿಗೆ ಬಿತ್ತು. ಬೆಳಗಿನಿಂದ ಹಗ್ಗ ಎಳೆಯುವಾಗಲೂ ಹಾಗೇ ಹಿಡಿದಿದ್ದ. ಚಡ್ಡಿ ಸಡಿಲಾಗಿದೆ, ತೂಕ ಮಾತ್ರ ಏರುತ್ತಿದೆ ಎಂದರೆ ಹೇಗೆ?

ಸಂಜೆ ಮನೆಗೆ ಬಂದವಳೇ ಹಿತ್ತಲಿಗೆ ಹೋಗಿ ಮೂಟೆಯನ್ನು ಒದ್ದಳು. ದೂಳು ಎದ್ದಿತು. ಬಾಯಿ ಬಿಚ್ಚಿ ಕೈ ಹಾಕಿದರೆ ಬೂದಿಬಣ್ಣದ ಒಣ ಹೆಂಟೆಗಳು. ಹಸಿಯಿದ್ದಾಗ ತನ್ನಿಂದ ಅಲುಗದಿದ್ದ ಮೂಟೆಯನ್ನು ಈಗ ಅವಳೊಬ್ಬಳೇ ಅಂಗಳದವರೆಗೆ ಎಳೆದು ತಂದಳು.

"ತೂಕ ಇಳಿದಿರೋದು ನೀವೂ ಹೌದು, ಇದೂ ಹೌದು," ಎಂದಳು. "ಇದು ನಿಮಗಿಂತ ಚೆನ್ನಾಗಿ ಉಪವಾಸ ಮಾಡಿದೆ."

ಹುಟ್ಟಿದಾಗಿನಿಂದ ಹೂಳಿನಲ್ಲೇ ಬದುಕಿದವರು ಅವರು. ಆದರೆ ಒಮ್ಮೆ ಎತ್ತಿದ್ದನ್ನು ಎರಡನೆಯ ಸಲ ಎತ್ತಿ ನೋಡಿದವರಲ್ಲ. ದಂಡೆಗೆ ಸುರಿದು ಮುಂದಿನ ಬಾವಿಗೆ ಹೋಗುವವರು. ಬಾಮೈದ ತಲೆ ಕೆರೆದುಕೊಂಡ. ಬಾವಿಯವ, ಮಧ್ಯಾಹ್ನ ಅನ್ಯಾಯವಾಗಿ ಅನ್ನ ಉಂಡೆನಲ್ಲ ಎಂದು ಹಣೆ ಚಚ್ಚಿಕೊಂಡ.

"ಹೋಗ್ಲಿ ಬಿಡಿ ಭಾವ, ಒಂದು ಊಟ ತಾನೆ," ಎಂದು ಬಾಮೈದ ಹಿತ್ತಲಿಗೆ ನಡೆದು, ಹಗ್ಗದಲ್ಲಿ ಮೂಟೆ ಕಟ್ಟಿದ್ದ ತುದಿಯನ್ನು ತಾನೇ ಹಿಡಿದ. ಅಕ್ಕನೂ ಕೈಹಾಕಿದಳು. ಬಾವಿಯವ ಕುಣಿಕೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಕೊಂಬೆಯ ಎಲೆ ಕೆನ್ನೆಗೆ ತಾಗುತ್ತಿತ್ತು.

ಏಳನೆಯ ಬಾವಿಗೆ ಅವನೇ ಇಳಿದ. ತಣ್ಣನೆಯ ಕೆಸರಿನಲ್ಲಿ ಕಾಲಾಡಿಸಿ, ಮೂರನೆಯ ಸಾಲಿನ ಕಲ್ಲಿನ ಕೆಳಗೆ ಮುಚ್ಚಿಹೋಗಿದ್ದ ಸೆಲೆಯನ್ನು ಬಿಡಿಸಿದ. ಹೊಸ ನೀರು ಪಾದಕ್ಕೆ ತಾಗಿದಾಗ ಮೇಲಿನವರಿಗೆ ಕೂಗಿ ಹೇಳಿದ. ಕೆಲಸ ಮುಗಿದ ಮೇಲೆ ಇಬ್ಬರೂ ಅವನನ್ನು ನಡುವೆ ನಿಲ್ಲದೆ ಎಳೆದು ಮೇಲೆ ತಂದರು.

ಕಟ್ಟೆಯ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತ ಅವನು, ಆ ಐದು ಬಾವಿಯ ಸಾಲ ಹೇಗಪ್ಪಾ ತೀರಿಸಲಿ ಎಂದು ಕೇಳಿದ.

ಬಾಮೈದ ಹಗ್ಗ ಸುತ್ತುತ್ತಲೇ ಹೇಳಿದ: "ಬರೋ ವರ್ಷನೂ ನೀವೇ ಇಳೀಬೇಕು. ಅದರ ಮುಂದಿನ ವರ್ಷನೂ. ಐದು ವರ್ಷ ನಾನು ಬಾವಿಯೊಳಗೆ ಇಣುಕಿ ಕೂಡ ನೋಡಲ್ಲ."

ಐದು ವರ್ಷವೆಂದರೆ ಎಷ್ಟು ಹೊತ್ತಿನ ಸೊಪ್ಪಿನ ಊಟವಾಯಿತು ಎಂದು ಬಾವಿಯವ ಮನಸ್ಸಿನಲ್ಲೇ ಗುಣಿಸಲು ಹೋಗಿ, ಅರ್ಧಕ್ಕೇ ಬಿಟ್ಟ. ಒಪ್ಪಿದೆ ಎಂದ. ಅಷ್ಟರಲ್ಲಿ ಮನೆಯಾಕೆ ಊಟಕ್ಕೆ ಕರೆದಳು.