ಬುಧವಾರದ ಪ್ರ್ಯಾಕ್ಟೀಸು

ಮುಂದೆ ನಿಂತವನ ಕತ್ತಿನ ಹಿಂದೆ ಗ್ರೀಸಿನ ಕಲೆ, ಕೈಕಾಲು ಮುಖ ಎಲ್ಲ ತೊಳೆದುಕೊಂಡಿದ್ದಾನೆ, ಅಲ್ಲಿ ಮಾತ್ರ ಕೈ ಹೋಗಿಲ್ಲ, ನಿಂತಾಗ ಎಡಪಾದ ಒಳಕ್ಕೆ ತಿರುಗುತ್ತದೆ, ಹಾಗಾದರೆ ಇವನನ್ನು ಎಡಕ್ಕೇ ಓಡಿಸಬೇಕು, ಎರಡನೇ ಹೆಜ್ಜೆಗೆ ಕೆಡವಬೇಕು – ಥೂ, ಈ ಚಟ ಇನ್ನೂ ಹೋಗಿಲ್ಲ, ಪ್ರೆಸ್ ಶಾಪಿನ ಫಿಟ್ಟರನನ್ನು ಕೆಡವಿ ನನಗೆ ಆಗಬೇಕಾದ್ದೇನು, ಆದರೂ ಕಣ್ಣು ಅಲ್ಲಿಗೇ ಇಳಿಯುತ್ತದೆ, ಹದಿನಾಲ್ಕು ವರ್ಷ ಡಿಫೆಂಡರ್ ಆಗಿದ್ದವನಿಗೆ ಮನುಷ್ಯರೆಂದರೆ ಸೊಂಟದಿಂದ ಕೆಳಗಷ್ಟೇ. ಚೆಂಡು ನೋಡಬ್ಯಾಡಲೇ ಮಾಂತು, ಚೆಂಡು ಸುಳ್ಳು ಹೇಳ್ತದ, ನಡಾ ನೋಡು, ನಡಾ ಎತ್ತಾಗ ಹೊಳ್ಳತದ ಮನಷ್ಯಾ ಅತ್ತಾಗ ಹೋಗ್ತಾನ, ಹೀಗೆ ಹೇಳಿಕೊಟ್ಟವರು ಹಣಮಂತ್ರಾಯ ಮಾಸ್ತರರು, ಕಂಪನಿ ತಂಡದ ಕೋಚ್, ಬೆಳಗಾವಿಯ ಮೈದಾನದಿಂದ ನನ್ನನ್ನು ಪುಣೆಗೆ ಎತ್ತಿಕೊಂಡು ಬಂದವರು, ಅವರೇ ಈಗ ಎದುರಿಗೆ ಸಿಕ್ಕರೆ ಸೈಕಲ್ ಸ್ಟ್ಯಾಂಡಿನ ಕಡೆಗೆ ಹೊರಳುತ್ತಾರೆ, ಅವರ ಸೊಂಟ ನೋಡಿಯೇ ನನಗೆ ಮೊದಲು ಗೊತ್ತಾಗುತ್ತದೆ. ಮೂರು ಗಂಟೆಯ ಭೋಂಗಾ ಕೂಗಿ ಆಗಿದೆ, ಪಾಳಿ ಬಿಟ್ಟವರ ಸಾಲು ಗೇಟಿನವರೆಗೆ ನಿಂತಿದೆ, ಎಲ್ಲರೂ ಪಾಸು ತೋರಿಸಿ ಹೋಗುತ್ತಾರೆ, ನಾನು ಕೊಟ್ಟು ಹೋಗಬೇಕು. ಏಳು ತಿಂಗಳ ಪತ್ರ ಇವತ್ತಿಗೆ ಮುಗಿಯಿತು. ಏಳು ತಿಂಗಳು ಕೆಲಸ, ಹದಿನೈದು ದಿನ ಬ್ರೇಕು, ಮತ್ತೆ ಹೊಸ ಪತ್ರ, ಯಾಕೆಂದರೆ ಎಂಟನೇ ತಿಂಗಳಿಗೆ ಕಾಲಿಟ್ಟರೆ ನಾವು ಖಾಯಂ ಮಾಡಿ ಎಂದು ಕೇಳುವ ಹಕ್ಕಿನವರಾಗುತ್ತೇವಂತೆ, ಈ ಭೋಸರಿಯ ಫ್ಯಾಕ್ಟರಿಗಳಲ್ಲಿ ಅರ್ಧ ಜನ ಹೀಗೇ ಮುದುಕರಾಗಿದ್ದಾರೆ, ನಾನೂ ಆರು ವರ್ಷ ಹೀಗೇ ತಳ್ಳಿದೆ, ಶನಿವಾರದವರೆಗೆ ಸ್ಟೋರಿನಲ್ಲಿ ಬೋಲ್ಟು ಎಣಿಸು, ರವಿವಾರ ಕಂಪನಿಯ ಹೆಸರಿನಲ್ಲಿ ಒದೆ, ಒದೆಸಿಕೊ. ಈ ಸಲ ಬ್ರೇಕು ಇದೆ, ಪತ್ರ ಇಲ್ಲ. ಗೇಟಿನ ಮೇಜಿನ ಹಿಂದೆ ಯಾರು ಕೂತಿದ್ದಾನೆಂದು ಗೊತ್ತು, ಅತ್ತ ನೋಡುವುದಿಲ್ಲ.

ಖಾಯಂ ಆತೇನು – ಅಪ್ಪನಿಗೆ ಬೇರೆ ಪ್ರಶ್ನೆಯೇ ಇಲ್ಲ, ಬೆಳಗಾವಿಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ಟೆಂಪರರಿಯಾಗಿಯೇ ಮರಳು ಹೊತ್ತ ಕಾಂತಪ್ಪ, ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ಉಂಡೆಯಾ ಎಂದು ಕೇಳುವುದಿಲ್ಲ, ಖಾಯಂ ಆತೇನು, ಆಗ್ತದಪಾ, ಯಾವಾಗ, ಮುಂದಿನ ಸೀಜನ್ನಿಗೆ, ತೊಂಬತ್ತರಿಂದ ಇದೇ ಮಾತು, ನಡುವೆ ನಾನು ಊರು ಬದಲಿಸುತ್ತ ಹೋದೆ, ಮುಂಬೈನಲ್ಲಿ ಎರಡು ವರ್ಷ, ಗೋವೆಯಲ್ಲಿ ಮೂರು, ಅಲ್ಲಿ ನನ್ನನ್ನು ಕಸಾಯಿ ಎಂದು ಕರೆದರು, ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಹಿಗ್ಗಿದೆ, ಒಬ್ಬನ ಮೂಗು ಮುರಿದಾಗ ಗ್ಯಾಲರಿಯಲ್ಲಿ ಎದ್ದ ಸದ್ದು ನನ್ನ ಪಾಲಿಗೆ ಬಂದ ಒಂದೇ ಚಪ್ಪಾಳೆ. ಕಲ್ಕತ್ತೆಯಲ್ಲಿ ಇಡೀ ಸೀಜನ್ ಬೆಂಚಿನ ಮೇಲೆ ಕೂತೆ, ಕೊನೆಗೆ ಹನ್ನೊಂದು ನಿಮಿಷ ಆಡಿಸಿದರು, ಆ ಹನ್ನೊಂದರಲ್ಲಿ ನನ್ನ ಮೊಣಕಾಲಿಗೆ ತಾಗಿ ಚೆಂಡು ನಮ್ಮದೇ ಗೋಲಿಗೆ ಹೋಯಿತು, ಮರುದಿನ ಪೇಪರಿನಲ್ಲಿ ಹೆಸರು ಬಂತು, ಡಿಫೆಂಡರನ ಹೆಸರು ಪೇಪರಿಗೆ ಬರುವುದು ಹಾಗೇ ತಾನೆ, ಗೋಲು ತಡೆದರೆ ಯಾರು ಬರೆಯುತ್ತಾರೆ. ಧಾರವಾಡದ ರೇಣುವಿನ ಅಪ್ಪ ಪೇಪರಿನಲ್ಲಿ ಬಂದ ಬೇರೊಂದು ಪಂದ್ಯದ ಫೋಟೋ ನೋಡಿಯೇ ಹೆಣ್ಣು ಕೊಟ್ಟರು, ಫೋಟೋದಲ್ಲಿ ಗೋಲು ಹೊಡೆದವನು ಕುಣಿಯುತ್ತಿದ್ದ, ನಾನು ಅವನ ಹಿಂದೆ ಕೆಸರಿನಲ್ಲಿ ಬಿದ್ದಿದ್ದೆ, ಇವರ ಏನ್ರೀ ನಿಮ್ಮ ಅಳಿಯಾ ಎಂದು ನೆಂಟರು ಕುಣಿಯುವವನ ಮೇಲೆ ಬೆರಳಿಟ್ಟರೆ ಮಾವ ಪೇಪರು ಮಡಚಿಡುತ್ತಿದ್ದರಂತೆ. ತೊಂಬತ್ತೆಂಟರಲ್ಲಿ ಮಾಸ್ತರರು ಮತ್ತೆ ಕರೆದರು, ಬಾರಪಾ, ಇಲ್ಲಿ ಖಾಯಂ ಆಗೂ ಚಾನ್ಸ್ ಅದ, ಬಂದೆ, ಇಲ್ಲೇ ಸಿಕ್ಕವನು ಅವಧೂತ, ನಿಪ್ಪಾಣಿಯವನು, ನನ್ನ ಹಾಗೇ ಏಳು ತಿಂಗಳಿನವನು, ನನ್ನ ಹಾಗೇ ಡಿಫೆಂಡರ್. ನಾನು ಮುಂದೆ ನುಗ್ಗಿ ಹೊಡೆಯುವವನು, ಅವನು ಹಿಂದೆ ನಿಂತು ಉಳಿದದ್ದನ್ನು ಬಳಿಯುವವನು, ಆರು ವರ್ಷದಲ್ಲಿ ನಮ್ಮ ನಡುವೆ ಎರಡೇ ಮಾತು, ನಂದು ಎಂದರೆ ನಾನು ಹೋಗುತ್ತೇನೆ, ಬಿಡು ಎಂದರೆ ನೀನು ಬಿಡು, ನಾನು ಬಿಡು ಎಂದರೆ ಅವನು ತಿರುಗಿ ನೋಡದೆ ಎಡಗಾಲು ಊರಿ ನಿಂತುಬಿಡುತ್ತಿದ್ದ, ಹೆಂಡತಿಯ ಮಾತನ್ನೂ ಅಷ್ಟು ನಂಬಿದವನಲ್ಲ. ಆ ಹೆಂಡತಿ ಭಾಮಾ ರವಿವಾರ ಸಂಜೆ ನನಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದಳು, ಉಣ್ರಿ ಅಣ್ಣಾ, ನಾಚಬ್ಯಾಡ್ರಿ, ನಾನು ಯಾವತ್ತೂ ನಾಚಲಿಲ್ಲ.

ಸಾಲು ಸರಿಯಿತು, ನಾಲ್ಕು ಹೆಜ್ಜೆ. ಜನವರಿಯಲ್ಲಿ ಮೋಹನದಾಸ್ ಸಾಹೇಬರು ಕರೆದದ್ದು, ವೆಲ್ಫೇರ್ ಆಫೀಸರು, ಮುಖದಲ್ಲಿ ಯಾವಾಗಲೂ ಒಂದು ನಗು ಅಂಟಿರುತ್ತದೆ, ಚಹಾ ತರಿಸಿದರು, ಮಾರ್ಚಿಗೆ ಫುಟ್‌ಬಾಲ್ ತಂಡ ಮುಚ್ಚುತ್ತಾರಂತೆ, ಒಂದೇ ಜಾಗ ಖಾಯಂ ಮಾಡಲು ಮೇಲಿನವರು ಒಪ್ಪಿದ್ದಾರಂತೆ, ದೋಘಾಂಪೈಕಿ ಏಕ, ಶೇವಟಪರ್ಯಂತ ಜೋ ಉಭಾ ರಾಹೀಲ ತೋ, ನೀನು, ಅವಧೂತ, ಇಬ್ಬರಲ್ಲಿ ಒಬ್ಬ, ಸೀಜನ್ನಿನ ಕೊನೆಯವರೆಗೆ ನಿಂತವನು. ಕಪ್ಪಿನಿಂದ ಬಶಿಗೆ ಸುರಿದುಕೊಂಡ ಚಹಾ ಕುಡಿಯುತ್ತ ನಾನು ಲೆಕ್ಕ ಹಾಕಿದೆ, ಅವಧೂತನಿಗೆ ಇಪ್ಪತ್ತೊಂಬತ್ತು, ನನಗೆ ಮೂವತ್ತಮೂರು, ನನ್ನ ಮೊಣಕಾಲಿಗೆ ಪಂದ್ಯದ ಮುಂಚೆ ಸೂಜಿ ಬೇಕು, ಅವನಿಗೆ ನೀರು ಸಾಕು, ನಿಲ್ಲುವುದರಲ್ಲಿ ಅವನೇ ಗೆಲ್ಲುತ್ತಾನೆ, ಅವನು ಬೀಳದ ಹೊರತು. ಎಷ್ಟು ಬೇಗ ಬಂತು ಆ ವಿಚಾರ, ಬಶಿ ಕೆಳಗಿಡುವುದರೊಳಗೆ. ಲೀಗ್ ಪಂದ್ಯದಲ್ಲಿ ನಾವಿಬ್ಬರೂ ಒಂದೇ ಕಡೆ, ಅಲ್ಲಿ ಆಗುವುದಿಲ್ಲ, ಬುಧವಾರದ ಪ್ರ್ಯಾಕ್ಟೀಸಿನಲ್ಲಿ ಮಾಸ್ತರರು ತಂಡ ಒಡೆದು ಎದುರುಬದುರು ಆಡಿಸುತ್ತಾರೆ, ರೆಫರಿ ಇಲ್ಲ, ಕೆಂಪು ಕಾರ್ಡಿಲ್ಲ, ಅಸೋಸಿಯೇಷನ್ನಿಗೆ ವರದಿ ಇಲ್ಲ, ನಾನು ಜಾಣ, ನನಗಿಂತ ಜಾಣ ಭೋಸರಿಯಲ್ಲೇ ಇಲ್ಲ. ಬೆಳಿಗ್ಗೆ ಎಂದಿನಂತೆ ಕಾರ್ಡು ಪಂಚ್ ಮಾಡಿ, ಎರಡು ಗಂಟೆಗೆ ಬೂಟು ಹಾಕಿ, ಕಂಪನಿಯ ಗೋಡೆಯೊಳಗಿನ ಮೈದಾನ, ಮೊದಲ ಅರ್ಧ ಮುಗಿಯಲು ಐದು ನಿಮಿಷ ಇದ್ದೀತು, ಅವನ ಕಡೆಗೊಂದು ಕಾರ್ನರ್ ಸಿಕ್ಕಿತು, ಅವನು ತಲೆ ಕೊಡಲು ಮುಂದೆ ಬಂದ, ಚೆಂಡು ಪುಟಿದು ನಮ್ಮಿಬ್ಬರ ನಡುವೆ ಬಿತ್ತು, ಅವನು ನನಗೆ ಬೆನ್ನು ಮಾಡಿದ್ದ, ನಾನು ಕೂಗಿದೆ, ಬಿಡು. ಎದುರು ತಂಡದವನು ನಾನು ಅವತ್ತು, ನನ್ನ ಮಾತು ಕೇಳಬೇಕಾದ್ದೇ ಇರಲಿಲ್ಲ, ಕೇಳಿದ, ಎಡಗಾಲು ಊರಿ ನಿಂತ, ಅಷ್ಟೇ ಬೇಕಿತ್ತು, ನಾನು ಎರಡೂ ಬೂಟು ಮುಂದೆ ಮಾಡಿ ಜಾರಿದೆ, ಚೆಂಡು ಎಲ್ಲಿತ್ತೋ ನೋಡಲಿಲ್ಲ, ಮೊಣಕಾಲಿನ ಪಕ್ಕ ನೋಡಿದೆ. ಸದ್ದು ದೊಡ್ಡದೇನಲ್ಲ. ಅವನು ಮೊದಲು ಕೂಗಲೂ ಇಲ್ಲ, ಕೂತು ತನ್ನ ಕಾಲನ್ನು ಇದು ಯಾರದು ಎನ್ನುವ ಹಾಗೆ ನೋಡಿದ. ನಾನೇ ಎಲ್ಲರಿಗಿಂತ ಮೊದಲು ಓಡಿದೆ, ನಾನೇ ಎತ್ತಿದೆ, ನಾನೇ ಆಟೋದಲ್ಲಿ ಅವನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತೆ, ಪ್ರತಿ ಹೊಂಡಕ್ಕೂ ಅವನು ನನ್ನ ಭುಜ ಹಿಂಡುತ್ತಿದ್ದ, ನನ್ನ ಮನಸ್ಸಿನಲ್ಲಿ ಏನಿತ್ತು ಎಂದರೆ ಅಪ್ಪನಿಗೆ ಇವತ್ತೇ ಫೋನು ಮಾಡಬೇಕು, ಮಾಡಿದೆ, ಅಪ್ಪಾ, ಈ ಸಲ ಆದಂಗ. ಅತ್ತಕಡೆ ಮುದುಕ ಅಳುತ್ತಿದ್ದ, ನಾನು ಅವತ್ತು ಸಂಜೆ ಚೆನ್ನಾಗಿ ಊಟ ಮಾಡಿ ಮಲಗಿದೆ.

ಇನ್ನು ಆರು ಜನ. ರಜಿಸ್ಟರು, ಎಲ್ಲ ಹಾಳಾದದ್ದು ಆ ಒಂದು ರಜಿಸ್ಟರಿನಿಂದ, ಯೂನಿಯನ್ನಿನ ಕೃಷ್ಣಾಜಿ ಮರುದಿನ ಬೆಳಿಗ್ಗೆ ಗೇಟಿನೆದುರು ಸ್ಟೂಲು ಹಾಕಿಕೊಂಡು ನಿಂತ, ಕಾರ್ಡು ಪಂಚ್ ಆಗಿದೆ, ಡ್ಯೂಟಿಯ ಹೊತ್ತು, ಕಂಪನಿಯ ಜಾಗ, ಇದು ಆಟವಲ್ಲ, ಅಪಘಾತ, ರಜಿಸ್ಟರಿನಲ್ಲಿ ಬರೆಯಿರಿ, ಯಂತ್ರಕ್ಕೆ ಕೈ ಕೊಟ್ಟವನಿಗೆ ಏನು ಸಿಗುತ್ತದೋ ಅವಧೂತನಿಗೂ ಸಿಗಬೇಕು. ಲೀಗ್ ಪಂದ್ಯಕ್ಕೆ ಹೋಗುವಾಗ ನಮ್ಮ ಜವಾಬ್ದಾರಿ ನಮ್ಮದೇ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ, ಬುಧವಾರಕ್ಕೆ ಯಾರೂ ಸಹಿ ಹಾಕಿಸಿಕೊಂಡಿರಲಿಲ್ಲ, ರೆಫರಿ ಇಲ್ಲ ಎಂದು ಆರಿಸಿಕೊಂಡ ಜಾಣನಿಗೆ ಪಂಚ್ ಕಾರ್ಡು ನೆನಪಾಗಲಿಲ್ಲ, ಆರು ವರ್ಷ ದಿನಾ ಅದೇ ಗಡಿಯಾರದ ಬಾಯಿಗೆ ಕಾರ್ಡು ತುರುಕಿದವನಿಗೆ. ಮೂರು ದಿನ ಪ್ರೆಸ್ ಶಾಪು ನಿಂತಿತು, ನಾಲ್ಕನೇ ದಿನ ಪತ್ರ ಬಂತು, ಅವಧೂತ ಖಾಯಂ, ಗೇಟಿನಲ್ಲಿ ಹಗುರ ಕೆಲಸ, ಇದ್ದದ್ದೇ ಒಂದು ಜಾಗ. ಮೋಹನದಾಸ್ ಸಾಹೇಬರ ನಗು ಹಾಗೇ ಇತ್ತು, ನೀನು ಗಟ್ಟಿಯಾಗಿ ನಿಂತಿದ್ದೀಯಲ್ಲ, ಚಾಕಣದ ಕಡೆ ಹೊಸ ಫ್ಯಾಕ್ಟರಿಗಳು ಬರುತ್ತಿವೆ, ನೋಡು, ಕಾಲಿದ್ದವನಿಗೆ ಎಲ್ಲಿಯಾದರೂ ಕೆಲಸ ಸಿಗುತ್ತದೆ, ಮರಾಠಿಯಲ್ಲಿ ಅದು ಇನ್ನೂ ಇಂಪಾಗಿ ಕೇಳಿತು. ಭಾಮಾ ಪೇಢೆ ತಂದಳು, ನಿಮ್ಮ ಕೈಯಾಗ ಎತ್ತಿಕೊಂಡು ಹೋದ್ರಿ, ಮರೆಯೂದಿಲ್ಲರಿ ಅಣ್ಣಾ, ರೇಣು ಪೇಢೆಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಳು, ಅವರಿಗೆ ಆತು, ನಿಮಗ್ಯಾಕ ಆಗ್ಲಿಲ್ಲ, ನಾನು ಪೇಢೆ ತಿಂದೆ, ಸಕ್ಕರೆ ಹೆಚ್ಚಾಗಿತ್ತು.

ಮೂರು ಜನ, ಇಬ್ಬರು, ಈಗ ಕಾಣುತ್ತದೆ, ಮೇಜಿನ ಪಕ್ಕದಿಂದ ದಾರಿಗೆ ಅಡ್ಡ ಚಾಚಿದ ಕಾಲು, ಮಡಚುವುದಿಲ್ಲ, ಪ್ಯಾಂಟಿನ ಮೇಲಿಂದ ಕಬ್ಬಿಣದ ಪಟ್ಟಿ, ಕೆಳಗೆ ಕಂಪನಿಯ ಹೊಸ ಕಪ್ಪು ಬೂಟು, ಜನ ಸುತ್ತು ಹಾಕಿ ಹೋಗುತ್ತಾರೆ, ಯಾರೂ ದಾಟುವುದಿಲ್ಲ, ಗ್ರೀಸಿನ ಕತ್ತಿನವನೂ ಸುತ್ತು ಹಾಕಿದ. ನಾನು ಪಾಸು ಇಟ್ಟೆ. ಅವಧೂತ ಪುಸ್ತಕ ತಿರುಗಿಸಿ ಬೆರಳು ತೋರಿಸಿದ, ಇಲ್ಲಿ ಸಹಿ ಮಾಡು, ಮಾಡಿದೆ, ಸರಿಯುವಾಗ ನನ್ನ ಚಪ್ಪಲಿ ಆ ಕಾಲಿಗೆ ತಾಗಿತು, ಕೈ ತಾನಾಗಿ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು, ಯಾರ ಕಾಲನ್ನು ತುಳಿದರೂ ಹಾಗೆ ಮಾಡಬೇಕೆಂದು ಅವ್ವ ಕಲಿಸಿದ್ದು, ಅವನು ನಕ್ಕ, ಇರ್ಲಿ ಬಿಡೋ, ಆವತ್ತ ಮುಟ್ಟಿದ್ದು ಸಾಕು. ಗೊತ್ತಿತ್ತೇನು, ಕೇಳಿದ್ದು ನನ್ನ ಬಾಯಿಯೇ. ಗೊತ್ತಿಲ್ದೇನು, ಧ್ವನಿ ತಗ್ಗಿಸಿದ, ಹಿಂದಿದ್ದವರಿಗೆ ಕೇಳದ ಹಾಗೆ, ಸಾಹೇಬ ನನಗೂ ಚಹಾ ಕುಡಿಸಿದ್ದ ಮಾಂತು, ಸೆಕೆಂಡ್ ಹಾಫ್‌ನಾಗ ನಾನೂ ಹಂಗ ಕೂಗಾಂವ ಇದ್ದೆ, ಬಿಡು ಅಂತ, ನಿನ್ನ ಸೂಜಿ ಹಾಕೂ ಕಾಲು ನೋಡಿ ಇಟ್ಟಿದ್ದೆ, ನೀ ಇಪ್ಪತ್ತು ಮಿನಿಟ್ ಮೊದಲ ಹೊಡದಿ. ಮುಂದ ನಡೀ, ಸಾಲ ನಿಂತದ. ಇಪ್ಪತ್ತು ನಿಮಿಷ, ಇಂಟರ್ವಲ್ಲಿನಲ್ಲಿ ಲಿಂಬೂ ನೀರು ಕುಡಿದು ಮತ್ತೆ ಮೈದಾನಕ್ಕೆ ಇಳಿದಿದ್ದರೆ, ನಾನು ಸುಮ್ಮನೆ ಇದ್ದಿದ್ದರೆ, ಅವನು ಕೂಗಿದ್ದರೆ, ನಾನು ನಂಬಿ ನಿಂತಿದ್ದರೆ, ಅಪ್ಪಾ ಖಾಯಂ ಆತು, ರೇಣು ಖಾಯಂ ಆತು, ಹಿಂದಿನವನು ಹೆಗಲಿಗೆ ತಳ್ಳುತ್ತಿದ್ದಾನೆ, ಚಲಾ ಕೀ, ನಡೆ ಎನ್ನುತ್ತಿದ್ದಾನೆ, ಕಾಲು ಏಳುವುದಿಲ್ಲ, ನನ್ನವು ಎರಡೂ ಗಟ್ಟಿಯಾಗಿವೆ, ಏಳುವುದಿಲ್ಲ, ಕಬ್ಬಿಣದ ಪಟ್ಟಿ, ಕಪ್ಪು ಬೂಟು, ಅದು ನನಗೆ ಬರಬೇಕಾದ ಕಾಲು, ಚಾಚಿದ ಕಾಲು, ಮೇಜಿನ ಪಕ್ಕದಿಂದ ದಾರಿಗೆ ಅಡ್ಡ, ಆ ಕಾಲು