ಗಿಡಕ್ಕೆ ಮುಡಿಸಿದ ದಂಡೆ

ಮಾಗಿಮಲ್ಲಿಗೆಯ ಗಿಡವೊಂದು ಮೈತುಂಬ ಹೂ ಬಿಟ್ಟಿದೆ. ಅದರ ಕೊಂಬೆಯ ಮೇಲೆ ಅದೇ ಗಿಡದ ಹೂವಿನ ದಂಡೆಯೊಂದು ಬಾಡಿ ಕಂದಾಗಿ ತೂಗುತ್ತಿದೆ. ತವರುಮನೆ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಇದು.

ಗಿಡ ಅಂಬುಜತ್ತಿಗೆಯದು. ಅಣ್ಣನನ್ನು ಮದುವೆಯಾಗಿ ಬಂದ ವರ್ಷ ಒಂದು ಕಡ್ಡಿ ತಂದು ಹಿತ್ತಲಲ್ಲಿ ನೆಟ್ಟಿದ್ದಳು. ಹೂವಿನ ಕಾಲ ಮುಗಿದೊಡನೆ ಕೊಂಬೆ ಸವರುವಳು. ಬೇಸಿಗೆಯಲ್ಲಿ ಬುಡ ಕೆದಕಿ ಕುರಿಗೊಬ್ಬರ ಹಾಕಿ, ಸಂಜೆಸಂಜೆ ನೀರು ಹೊಯ್ಯುವಳು. ವರ್ಷವಿಡೀ ಹಸಿರಾಗಿರುತ್ತಿದ್ದ ಗಿಡ ಚಳಿ ಬಿದ್ದ ಮೇಲೆ ಹಿತ್ತಲಿಗೆಲ್ಲ ಘಮ್ಮೆನ್ನುತ್ತಿತ್ತು. ತಿಂಗಳಲ್ಲಿ ಮೂರು ದಿನ ಮಾತ್ರ ನೀರು ಹಾಕುವ ಕೆಲಸ ನನ್ನದು. ಮುಟ್ಟಾದವರು ತಾಕಿದರೆ ಮಲ್ಲಿಗೆ ಸೊರಗುತ್ತದೆಂದು ನಮ್ಮಮ್ಮನ ನಂಬಿಕೆ. ಆ ದಿನಗಳಲ್ಲಿ ಅತ್ತಿಗೆ ಹೊರಜಗಲಿಯಲ್ಲಿ ಕೂತು, "ಬುಡಕ್ಕೆ ಹಾಕೇ ಪುಟ್ಟಿ, ಎಲೆಗಲ್ಲ!" ಎಂದು ಕೂಗುತ್ತಿದ್ದಳು.

ಐದು ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ಅಣ್ಣನಿಗೆ ಇನ್ನೊಂದು ಹೆಣ್ಣು ತರುವ ಮಾತನ್ನು ಅಮ್ಮ ಅವಳೆದುರಿಗೇ ಆಡತೊಡಗಿದ್ದಳು. ಆ ಮಳೆಗಾಲದಲ್ಲಿ ಅತ್ತಿಗೆ ಹೊರಗೆ ಕೂರುವುದು ನಿಂತಿತು. ಎರಡನೆಯ ತಿಂಗಳೂ ಕೂರದಿದ್ದಾಗ, "ಅಂತೂ ದೇವರು ಕಣ್ಣು ಬಿಟ್ಟ" ಎಂದು ಅಮ್ಮ ಅವಳ ಬಾಯಿಗೆ ಬೆಲ್ಲ ಹಾಕಿದಳು. ಅತ್ತಿಗೆ ದಿನವೂ ಗಿಡದ ಬಳಿ ನಿಂತು ಹುಳು ಆಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಆಮೇಲೆ ಜಡಿಮಳೆ ಹಿಡಿಯಿತು. ಗಿಡದ ಎಲೆಗಳು ಹಳದಿಯಾಗಿ ಉದುರತೊಡಗಿದವು.

ಅಮ್ಮ ಆ ಎಲೆಗಳನ್ನು ಮೊರದಲ್ಲಿ ಬಳಿದು ತಂದು ನಡುಮನೆಯಲ್ಲಿ ಸುರಿದಳು. "ಮುಟ್ಟಾದದ್ದನ್ನ ಬಚ್ಚಿಟ್ಕೊಂಡು ಗಿಡ ಮುಟ್ಟಿದೀಯ. ಸವತಿ ಬರ್ತಾಳೆ ಅಂತ ಬಸುರಿ ನಾಟಕ ಆಡ್ತಿದೀಯಾ?"

"ಇಲ್ಲ ಅತ್ತೆ, ನಿಮ್ಮಾಣೆ. ಬುಡದಲ್ಲಿ ನೀರು ನಿಂತು ಬೇರು ಕೊಳೀತಿದೆ. ಒಂದು ಕಾಲುವೆ ತೆಗೆದ್ರೆ ಚಿಗುರುತ್ತೆ."

"ಮನುಷ್ಯರು ಸುಳ್ಳು ಹೇಳ್ತಾರೆ. ಗಿಡ ಹೇಳಲ್ಲ."

ಅತ್ತಿಗೆ ಅಣ್ಣನತ್ತ ನೋಡಿದಳು. ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವನೆಂದು ಊರೆಲ್ಲ ಅವನನ್ನು ಹೊಗಳುತ್ತಿತ್ತು. ಅದು ಹೊಗಳಿಕೆಯೆಂದು ನನಗೆ ಅಂದಿನಿಂದ ಅನ್ನಿಸಿಲ್ಲ. ನೆಲ ನೋಡುತ್ತ, "ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂದ.

ಹೊರಡುವ ಮೊದಲು ಅವಳು ಕುರ್ಪಿ ಹಿಡಿದು ಮಳೆಯಲ್ಲೇ ಹಿತ್ತಲಿಗಿಳಿದಳು. ಬುಡದಿಂದ ಬೇಲಿಯವರೆಗೆ ಕಾಲುವೆ ತೋಡಿ, ನಿಂತ ನೀರೆಲ್ಲ ಹರಿದುಹೋಗುವವರೆಗೆ ಕಾದು, ಕೈ ತೊಳೆದು ಚೀಲ ಎತ್ತಿಕೊಂಡಳು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ದಸರೆಯ ಹೊತ್ತಿಗೆ ಗಿಡ ಚಿಗುರಿತು. ಅತ್ತಿಗೆಯ ಊರಿಗೆ ಹೋಗಿಬಂದ ನೆರೆಮನೆಯ ಸಾವಂತ್ರಮ್ಮ ಬಾಗಿಲಲ್ಲೇ ನಿಂತು, "ಏನ್ರೀ, ಸೊಸೆಗೆ ಹೊಟ್ಟೆ ಎದ್ದು ಕಾಣ್ತಿದೆ, ನೀವಿಲ್ಲಿ ಸುಮ್ನೆ ಕೂತಿದೀರಲ್ಲ!" ಎಂದಳು. ಅಮ್ಮ ಅಂದು ಊಟ ಮಾಡಲಿಲ್ಲ.

ಚಳಿಗಾಲದಲ್ಲಿ ಗಿಡ ಹಿಂದೆಂದೂ ಕಾಣದಷ್ಟು ಹೂ ಬಿಟ್ಟಿತು. ಏಳು ತಿಂಗಳ ಬಸುರಿಗೆ ಹೂ ಮುಡಿಸಬೇಕೆಂದು ಅಮ್ಮ ತಾನೇ ಕೂತು ದಂಡೆ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಹಸಿರು ಸೀರೆಯೊಂದಿಗೆ ಹೊರಟಳು. ನಾನೂ ಜೊತೆಗೆ ಹೋದೆ.

"ತಪ್ಪಾಯ್ತು ಕಣೆ ಅಂಬುಜ. ಗಿಡ ಎಷ್ಟು ಚೆನ್ನಾಗಿದೆ ನೋಡು. ಮುಡಿಸ್ಕೊಂಡು ಮನೆಗೆ ಬಾ" ಎಂದಳು ಅಮ್ಮ.

ಅತ್ತಿಗೆ ಎಲೆ ಬಿಚ್ಚಿ ದಂಡೆಯನ್ನು ಮುಖಕ್ಕೆ ಹಿಡಿದು ಬಹಳ ಹೊತ್ತು ಮೂಸಿದಳು. ಮತ್ತೆ ಎಲೆ ಸುತ್ತಿ ನನ್ನ ಕೈಗಿಟ್ಟಳು.

"ನೀವು ನಂಬಿದ್ದು ಗಿಡದ ಮಾತನ್ನಲ್ವಾ ಅತ್ತೆ? ಅದಕ್ಕೇ ಮುಡಿಸಿ." ಆಮೇಲೆ ನನ್ನ ಕೆನ್ನೆ ಸವರಿ, "ಪುಟ್ಟಿ, ಕಾಲುವೆ ಮುಚ್ಚಿಹೋಗದ ಹಾಗೆ ನೋಡ್ಕೋ" ಎಂದು ಒಳಗೆ ಹೋದಳು.

ಅವಳು ಮತ್ತೆ ಬರಲಿಲ್ಲ. ಅವಳ ಮಗುವನ್ನು ನಾವ್ಯಾರೂ ಎತ್ತಿ ಆಡಿಸಲಿಲ್ಲ. ಅಲ್ಲಿಂದ ಮರಳಿದ ಆ ಸಂಜೆ ಅಮ್ಮ ನೇರ ಹಿತ್ತಲಿಗೆ ಹೋಗಿ ದಂಡೆಯನ್ನು ಗಿಡದ ಮೇಲೆ ಹಾಕಿದಳು. ಆ ಚಳಿಗಾಲವೆಲ್ಲ ದೇವರಿಗೂ ಅದರ ಹೂ ಕೀಳಲಿಲ್ಲ. ಬಾಡಿದ ದಂಡೆಯ ಸುತ್ತ ಹೊಸ ಹೂಗಳು ಅರಳಿ, ಅತ್ತಿಗೆ ತೋಡಿದ ಕಾಲುವೆಯೊಳಗೆ ಬೆಳ್ಳಗೆ ಉದುರುತ್ತಿದ್ದವು.