ಮಾವ ಗೆದ್ದನೋ, ಅಳಿಯ ಸೋತನೋ

ಸಿಯಾಂತಾರ್ ಪೇಟೆಯ ಚರ್ಚಿನ ಸಭಾಂಗಣದಲ್ಲಿ, ಅಷ್ಟು ಜನರ ಕಣ್ಣೆದುರೇ, ಸಾವುತ್ ಮಾರ್ಬುನ್ ಚದುರಂಗದಲ್ಲಿ ಗೆದ್ದುಬಿಟ್ಟಿದ್ದ. ಸೋತ ಪಾರ್ಲಿನ್ ರೇಟಿಂಗ್‌ನಲ್ಲಿ ಅವನಿಗಿಂತ ಆರುನೂರು ಅಂಕ ಮೇಲಿದ್ದವನು. ಆದರೂ ಸಾವುತ್‌ನ ಮುಖದಲ್ಲಿ ಗೆದ್ದವನ ಕಳೆಯೇ ಇರಲಿಲ್ಲ.

ಎಡವಟ್ಟು ಆಟಕ್ಕೆ ಮೊದಲೇ ಆಗಿತ್ತು. ನಮ್ಮ ಬಾತಾಕ್ ಜನ ಇಬ್ಬರು ಎದುರುಬದುರು ಕೂತರೆ ಕುಲ ಕೇಳದೆ ಇರುತ್ತಾರೆಯೇ?

"ನಿಮ್ಮಮ್ಮ ಯಾವ ಕುಲದವರಪ್ಪಾ?" ಎಂದು ಸಾವುತ್ ಕೇಳಿದ್ದ.

"ಮಾರ್ಬುನ್."

"ಅರೆ! ನಾನೂ ಮಾರ್ಬುನ್ನೇ! ಹಾಗಾದ್ರೆ ನಾನು ನಿಂಗೆ ಸೋದರಮಾವ ಆಗ್ಬೇಕಲ್ಲೋ!"

ಪಾರ್ಲಿನ್ ಧಡಕ್ಕನೆ ಎದ್ದು, ಎರಡೂ ಕೈಯಿಂದ ಇವನ ಕೈ ಹಿಡಿದು ತಲೆ ಬಾಗಿಸಿದ್ದ. ತಾಯಿಯ ಕಡೆಯವರನ್ನು ನೋಯಿಸಿದವನ ಗದ್ದೆಯಲ್ಲಿ ಭತ್ತವೂ ಜೊಳ್ಳು ಎನ್ನುವ ಜನ ನಾವು.

ಈಗ ಎದುರಿನ ಕಳ್ಳಂಗಡಿಯಲ್ಲಿ ಗೆಳೆಯ ಟಿಗೋರ್ ಗಾಯಕ್ಕೆ ಉಪ್ಪು ಸವರುತ್ತಿದ್ದ. "ಬಿಡೋ ಮಾರಾಯ, ಮರ್ಯಾದೆಗೆ ಸೋತಿದಾನೆ. ಮಾವನ್ನ ಸೋಲಿಸಿ ಮನೆಗೆ ಹೋದ್ರೆ ಅವರಮ್ಮ ಅನ್ನ ಹಾಕ್ತಾಳಾ?"

"ನಾನು ಆನೆ ಬಲಿ ಕೊಟ್ಟೆ ಕಣೋ! ಅದನ್ನ ಹೊಡೆದಿದ್ದಕ್ಕೇ ಅವನು ಕೆಟ್ಟಿದ್ದು."

"ಹೌದಪ್ಪಾ, ಅಷ್ಟು ದೊಡ್ಡ ಆಟಗಾರನಿಗೆ ಅದು ಕಾಣ್ಲಿಲ್ಲ! ಕುಡಿ, ಕುಡಿ."

ಸಾವುತ್‌ನ ತಲೆಯಲ್ಲಿ ಹುಳ ಹೊಕ್ಕಿತು. ನಿಜ, ಪಾರ್ಲಿನ್ ಯೋಚಿಸದೆ ಗಬಕ್ಕನೆ ಆನೆ ಹೊಡೆದಿದ್ದ. ಕಾಣದೆಯೋ, ಬೇಕೆಂದೋ? ಇದೇ ಅಂಗಡಿಯ ಬೆಂಚಿನ ಮೇಲೆ ಆಡಿ ಆಡಿ ತಲೆ ನರೆತವನಿಗೆ ಬಾಳಿನಲ್ಲಿ ಸಿಕ್ಕಿದ್ದು ಇದೊಂದೇ ದೊಡ್ಡ ಗೆಲುವು. ಅದೂ ಭಿಕ್ಷೆಯಾದರೆ? ಛೇ, ಅದಕ್ಕಿಂತ ಸೋತಿದ್ದರೇ ಚೆನ್ನಾಗಿತ್ತು! ಲೋಟ ಕುಕ್ಕಿ ಎದ್ದ. ಟಿಗೋರ್ ಹಿಂದೆಯೇ ಬಂದ.

ಸಭಾಂಗಣದಲ್ಲಿ ಕುರ್ಚಿ ಮಡಚುತ್ತಿದ್ದರು. ಪಾರ್ಲಿನ್ ಒಬ್ಬನೇ ಕಿಟಕಿಯ ಬಳಿ ಅದೇ ಆಟವನ್ನು ಮತ್ತೆ ಜೋಡಿಸಿಕೊಂಡು, ತುಟಿ ಕಚ್ಚಿ ಕೂತಿದ್ದ. ಇವರು ಬಂದಿದ್ದೂ ಅವನಿಗೆ ತಿಳಿಯಲಿಲ್ಲ.

"ಅಳಿಯಾ, ನಿಜ ಹೇಳು," ಎನ್ನುತ್ತಾ ಸಾವುತ್ ಆನೆಯತ್ತ ಕೈ ಚಾಚಿದ. "ಇದನ್ನ ನೀನು..."

ಚಟೀರ್! ಪಾರ್ಲಿನ್ ಅವನ ಕೈಗೆ ಹೊಡೆದೇಬಿಟ್ಟ. "ಏಯ್, ಮುಟ್ಬೇಡ! ಎಲ್ಲಿ ತಪ್ಪಿದೆ ಅಂತ ತಲೆ ಕೆಟ್ಟು ಕೂತಿದೀನಿ, ನಡುವೆ ನಿಂದೊಂದು!" ತಲೆ ಕೂಡ ಎತ್ತಲಿಲ್ಲ.

ಟಿಗೋರ್ ಬಾಯಿ ತೆರೆದವನು ಮುಚ್ಚಲಿಲ್ಲ. ಬಾತಾಕ್ ನೆಲದಲ್ಲಿ ಸೋದರಮಾವನಿಗೆ ಏಟು!

ಸಾವುತ್‌ಗೆ ಮಾತ್ರ ಕಣ್ಣು ತುಂಬಿ ಬಂತು. ಕೆಂಪಾದ ಕೈಯನ್ನು ಗೆಳೆಯನ ಮೂಗಿನ ಮುಂದೆಯೇ ಹಿಡಿದ.

"ನೋಡೋ ಟಿಗೋರ್, ನೋಡು! ನಾನೇ ಗೆದ್ದಿದ್ದು!"